ಡೇ ಕೇರ್ ಕೀಮೋಥೆರಪಿ ಕೇಂದ್ರಗಳು ಹಾಗೂ ಮಧ್ಯರಾತ್ರಿಯ ಜ್ವರ: ತೀವ್ರ ರಕ್ತ ಕ್ಯಾನ್ಸರ್ ರೋಗಿಗಳ ಕುಟುಂಬದವರ ಅವಗಾಹನೆಗೆ

ದೇಶದ ಎಲ್ಲಾ ಜಿಲ್ಲಾ ಆಸ್ಪತ್ರೆಗಳಲ್ಲಿ ಮೂರು ವರ್ಷಗಳೊಳಗಾಗಿ ಡೇ ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ಸ್ಥಾಪಿಸುವುದಾಗಿ ಕೇಂದ್ರ ಸರ್ಕಾರವು 2025-26ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಿತು. ರಾಜ್ಯ ಸರ್ಕಾರವೂ 2025ರಲ್ಲಿ 16 ಡೇ ಕೇರ್ ಕೀಮೋಥೆರಪಿ ಕೇಂದ್ರಗಳಿಗೆ ಚಾಲನೆ ನೀಡಿತು. ಪ್ರತಿ ಸುತ್ತಿನ ಔಷಧಿಗೂ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಗೆ ಬರಬೇಕಾಗಿದ್ದ ಕುಟುಂಬಗಳಿಗೆ ಇದರಿಂದ ಬಸ್ ಪ್ರಯಾಣದರ, ವಸತಿ ಹಾಗೂ ಕಳೆದುಹೋಗುವ ದಿನಗೂಲಿ ಉಳಿಯುತ್ತದೆ. ಇವು ಆಸ್ಪತ್ರೆಯ ಬಿಲ್ಲಿನಲ್ಲಿ ಎಂದೂ ನಮೂದಾಗದ ವೆಚ್ಚಗಳು.

ಆದರೆ ತೀವ್ರ ರಕ್ತ ಕ್ಯಾನ್ಸರಿಗೆ (ತೀವ್ರ ಲ್ಯುಕೇಮಿಯಾ) ಸಂಬಂಧಿಸಿದಂತೆ ಒಂದು ವಿಷಯವನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅವಶ್ಯವಾಗಿದೆ. ಮೊದಲ ಹಂತದ ತೀಕ್ಷ್ಣ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಲ್ಲಿ ಒಳರೋಗಿಯಾಗಿಯೇ ಪಡೆಯಬೇಕಾಗುತ್ತದೆ. ನಂತರದ ಕೆಲವು ಹಂತಗಳನ್ನು ಮಾತ್ರ ಸ್ಥಳೀಯವಾಗಿ ಮುಂದುವರಿಸಬಹುದು. ಡೇ ಕೇರ್ ಕೇಂದ್ರವು ಸಂಜೆಗೆ ಮುಚ್ಚುತ್ತದೆ. ಜ್ವರವು ಕಚೇರಿ ವೇಳೆಯನ್ನು ನೋಡಿ ಬರುವುದಿಲ್ಲ. ಆ ವೇಳೆಯಲ್ಲಿ ರೋಗಿಯನ್ನು ಮೊದಲು ನೋಡುವವರು ಸಾಮಾನ್ಯವಾಗಿ ತುರ್ತು ಚಿಕಿತ್ಸಾ ಘಟಕದಲ್ಲಿ ರಾತ್ರಿ ಪಾಳಿಯಲ್ಲಿರುವ ಕಿರಿಯ ವೈದ್ಯರು. ಕ್ಯಾನ್ಸರ್ ತಜ್ಞರು ಅಲ್ಲಿರುವುದಿಲ್ಲ.

ಕೀಮೋಥೆರಪಿಯ ತರುವಾಯ, ಸಾಮಾನ್ಯವಾಗಿ 7ರಿಂದ 14 ದಿನಗಳ ಅವಧಿಯಲ್ಲಿ, ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಅವುಗಳ ಸಂಖ್ಯೆ 500ಕ್ಕಿಂತ ಕಡಿಮೆಯಾದಾಗ ಕೀವು, ಊತ ಮುಂತಾದ ಲಕ್ಷಣಗಳು ತೋರದಿರಬಹುದು. ಜ್ವರವೊಂದೇ ಸೂಚನೆಯಾಗಿರಬಹುದು, ಮತ್ತು ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿಯಬಹುದು. ಆದುದರಿಂದಲೇ ವೈದ್ಯರು ರಕ್ತದ ಮಾದರಿಯನ್ನು ಕಲ್ಚರ್ ಪರೀಕ್ಷೆಗೆ ತೆಗೆದುಕೊಂಡು, ವರದಿಗೆ ಕಾಯದೆ, ಒಂದು ಗಂಟೆಯೊಳಗಾಗಿ ರಕ್ತನಾಳದ ಮೂಲಕ ಆಂಟಿಬಯೋಟಿಕ್ ನೀಡತಕ್ಕದ್ದೆಂಬುದು ಅಂಗೀಕೃತ ಕ್ರಮವಾಗಿದೆ. ಕಿರಿಯ ವೈದ್ಯರು ಇದನ್ನು ಕೈಗೊಳ್ಳಲು ಸಮರ್ಥರೇ. ಆದರೆ ರೋಗಿಗೆ ಕೀಮೋಥೆರಪಿ ನಡೆಯುತ್ತಿದೆ ಎಂಬ ಸಂಗತಿಯೇ ತಿಳಿಯದಿದ್ದಲ್ಲಿ, ಅದು ಇತರೆ ಹತ್ತಾರು ಜ್ವರದ ಪ್ರಕರಣಗಳಲ್ಲಿ ಒಂದಾಗಿ ಸರದಿಯಲ್ಲಿ ಉಳಿಯುವ ಸಂಭವವಿದೆ.

ಆದ್ದರಿಂದ ಜ್ವರವು 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದಲ್ಲಿ ಬೆಳಗಾಗುವವರೆಗೆ ಕಾಯಬಾರದು. ಪಾರಾಸೆಟಮಾಲ್ ನುಂಗಿಸಿ ಜ್ವರ ಇಳಿಯಿತೆಂದು ಸಮಾಧಾನಪಡುವುದು ಅಪಾಯಕರ; ಮಾತ್ರೆಯು ಸೂಚನೆಯನ್ನು ಮರೆಮಾಚುತ್ತದೆಯೇ ಹೊರತು ಸೋಂಕನ್ನಲ್ಲ. ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಸ್ನಾಯುವಿಗೆ ಚುಚ್ಚುಮದ್ದು ಕೊಡಿಸಿದಲ್ಲಿ ರಕ್ತಸ್ರಾವವಾಗಬಹುದು. ಆದಕಾರಣ ಊರಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ನೋಡೋಣವೆಂಬ ರೂಢಿಯನ್ನೂ ಬಿಡುವುದು ಒಳಿತು.

ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿಗೆ ನಿಲ್ಲುವ ಮುನ್ನವೇ "ರಕ್ತ ಕ್ಯಾನ್ಸರ್, ಕೀಮೋಥೆರಪಿ ನಡೆಯುತ್ತಿದೆ, ಜ್ವರವಿದೆ" ಎಂದು ತುರ್ತು ಘಟಕದ ಸಿಬ್ಬಂದಿಗೆ ತಿಳಿಸತಕ್ಕದ್ದು. ಡಿಸ್ಚಾರ್ಜ್ ಸಾರಾಂಶ, ಕೊನೆಯ ಕೀಮೋಥೆರಪಿಯ ದಿನಾಂಕ, ಇತ್ತೀಚಿನ ರಕ್ತ ಪರೀಕ್ಷಾ ವರದಿ ಹಾಗೂ ಚಿಕಿತ್ಸೆ ನೀಡುತ್ತಿರುವ ಘಟಕದ ದೂರವಾಣಿ ಸಂಖ್ಯೆಯನ್ನು ಒಂದೇ ಕಡತದಲ್ಲಿ ಇರಿಸಿಕೊಂಡಿದ್ದಲ್ಲಿ, ಕರ್ತವ್ಯದಲ್ಲಿರುವ ವೈದ್ಯರು ತಜ್ಞರನ್ನು ಕೂಡಲೇ ಸಂಪರ್ಕಿಸಬಹುದು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ ಮತ್ತು ಆಧಾರ್ ದಾಖಲೆಗಳನ್ನು ಕುಟುಂಬದ ಒಬ್ಬರು ಕೌಂಟರಿನಲ್ಲಿ ಹಾಜರುಪಡಿಸುವುದು, ಇನ್ನೊಬ್ಬರು ರೋಗಿಯ ಬಳಿಯಲ್ಲಿಯೇ ಇರುವುದು ಸೂಕ್ತ. ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಐದು ದಿನಗಳಿಗಿಂತ ಹೆಚ್ಚು ಕಾಲ ಶೇಖರಿಸಿಡಲಾಗದ ಕಾರಣ, ರಕ್ತ ನೀಡಲೊಪ್ಪುವ ಬಂಧುಮಿತ್ರರ ಪಟ್ಟಿಯನ್ನು ಮುಂಚಿತವಾಗಿಯೇ ಸಿದ್ಧಪಡಿಸಿ ಸದರಿ ಕಡತದಲ್ಲಿ ಇರಿಸಿಕೊಳ್ಳಲು ಕೋರಲಾಗಿದೆ.