ಕಾಣಿಸಿಕೊಳ್ಳಬೇಕಾದವರ ಡಬ್ಬಿ

ಕಾಡು ಸುತ್ತಲು ಹೊರಟವರಿಗೆಂದೇ ಆನ್‌ಲೈನ್ ಅಂಗಡಿಗಳಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ ಸಿಗುತ್ತದೆ. ಹೆಸರು ಸರ್ವೈವಲ್ ಕಿಟ್. ಮುಚ್ಚಳ ತೆಗೆದರೆ ಮೀನಿನ ಗಾಳ, ಉರುಳಿಗೆ ತಂತಿ, ತಂತಿಯದೇ ಗರಗಸ, ಅಂಗಿಯ ಗುಂಡಿಯಷ್ಟು ದಿಕ್ಸೂಚಿ, ಒಂದು ಬ್ಲೇಡು. ನೋಡಿದವರಿಗೆ ಅರ್ಧ ಕಾಡು ಗೆದ್ದ ಹುಮ್ಮಸ್ಸು ಬಂದರೆ ಆಶ್ಚರ್ಯವಿಲ್ಲ. ಆದರೆ ಈ ಡಬ್ಬಿಯ ವಂಶಾವಳಿ ಕೆದಕಿದರೆ ಅದು ಚಾರಣಿಗರಿಗಾಗಿ ಹುಟ್ಟಿದ್ದೇ ಅಲ್ಲ.

1939ರ ಡಿಸೆಂಬರಿನಲ್ಲಿ ಬ್ರಿಟನ್ ಎಂಐ9 ಎಂಬ ಗುಪ್ತ ವಿಭಾಗ ತೆರೆಯಿತು. ಶತ್ರುನೆಲದಲ್ಲಿ ಸಿಕ್ಕಿಕೊಂಡ ತನ್ನ ಯೋಧರು ತಪ್ಪಿಸಿಕೊಂಡು ಬರಲು ನೆರವಾಗುವುದು ಅದರ ಕೆಲಸ. ಅಲ್ಲಿನ ಅಧಿಕಾರಿ ಕ್ಲೇಟನ್ ಹಟನ್, ಐವತ್ತು ಸಿಗರೇಟು ಹಿಡಿಯುವ ಚಪ್ಪಟೆ ಡಬ್ಬಿಗಳಲ್ಲಿ ಮಾಲ್ಟ್ ಹಾಲಿನ ಮಾತ್ರೆ, ಮಿಠಾಯಿ, ನೀರು ಶುದ್ಧಿಯ ಗುಳಿಗೆ, ಸೂಜಿದಾರ, ಗಾಳ ತುಂಬಿಸಿದರು. ದಣಿವು ಮರೆಸುವ ಬೆಂಜೆಡ್ರಿನ್ ಕೂಡ ಅದರಲ್ಲಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡ ವೈಮಾನಿಕ ಯಾರ ಕಣ್ಣಿಗೂ ಬೀಳದೆ ದಿನಗಟ್ಟಲೆ ನಡೆದು ಗಡಿ ದಾಟಬೇಕಿತ್ತು. ದಾರಿ ತಪ್ಪಿದ ಚಾರಣಿಗ ಮಾತ್ರ ಆದಷ್ಟು ಬೇಗ ಯಾರದಾದರೂ ಕಣ್ಣಿಗೆ ಬೀಳಬೇಕು. ಇವನಿಗೇಕೆ ಆ ವೈಮಾನಿಕನ ಡಬ್ಬಿ?

ನಮ್ಮ ಕುಮಾರಪರ್ವತವನ್ನೇ ನೋಡಿ. 1712 ಮೀಟರ್ ಎತ್ತರ, ಪುಷ್ಪಗಿರಿ ವನ್ಯಜೀವಿಧಾಮದೊಳಗಿನ ಬೆಟ್ಟ. ಅಲ್ಲಿ ಉರುಳು ಹಾಕುವುದು 1972ರ ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಬೇಟೆ. ಅಷ್ಟಕ್ಕೂ ಒಂದೆರಡು ದಿನದ ಉಪವಾಸಕ್ಕೆ ಆರೋಗ್ಯವಂತರ ಪ್ರಾಣ ಹೋಗುವುದಿಲ್ಲ. ಭಯಪಡಬೇಕಾದ್ದು ಮಳೆಗೆ, ಅದರ ಬೆನ್ನಿಗೇ ಬೀಸುವ ಗಾಳಿಗೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಬೇಗ ಶಾಖ ಸಾಗಿಸುತ್ತದೆ. 37 ಡಿಗ್ರಿಯ ಆಸುಪಾಸಿನಲ್ಲಿರುವ ಮೈಯೊಳಗಿನ ಕಾವು 35ಕ್ಕಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಅದಕ್ಕೆ ಹಿಮಾಲಯವೇ ಬೇಕಿಲ್ಲ. ಬೋಳುಗುಡ್ಡದ ನೆತ್ತಿಯಲ್ಲಿ ಒಂದು ರಾತ್ರಿ, ಮೈಮೇಲೆ ಒದ್ದೆ ಹತ್ತಿಬಟ್ಟೆ, ಇಷ್ಟು ಸಾಕು.

ಆದ್ದರಿಂದ ನಮ್ಮ ಗಂಟಿನಲ್ಲಿ ಮೊದಲ ಜಾಗ ಆಳು ಕೂರುವಷ್ಟು ದೊಡ್ಡ, ಕಣ್ಣು ಕುಕ್ಕುವ ಬಣ್ಣದ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ. ಮುಖ ಹೊರಗಿರುವಂತೆ ಒಂದು ಮೂಲೆ ಕತ್ತರಿಸಿ, ತಲೆಯ ಮೇಲಿಂದ ಇಳಿಬಿಟ್ಟು, ತಣ್ಣನೆಯ ನೆಲ ತಾಗದಂತೆ ಬ್ಯಾಗಿನ ಮೇಲೆ ಮುದುಡಿ ಕೂತರೆ ಬೆಳಗಾಗುವವರೆಗೆ ತಡೆದುಕೊಳ್ಳಬಹುದು. ಮಲೆನಾಡಿನ ಗದ್ದೆಗಳಲ್ಲಿ ಕಂಬಳಿಕೊಪ್ಪೆ ಮಾಡುತ್ತಿದ್ದುದೂ ಇದೇ ಕೆಲಸ. ಉಣ್ಣೆ ನೆನೆದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ, ಹತ್ತಿಗೆ ಆ ಗುಣವಿಲ್ಲ. ಹಾಗಾಗಿ ನೀರು ತಾಗದಂತೆ ಕಟ್ಟಿದ ಒಂದು ಸ್ವೆಟರ್ ಜೊತೆಗಿರಲಿ.

ಎರಡನೆಯದು ಸೀಟಿ. ಒಳಗೆ ಗುಂಡು ಉರುಳುವ ಬಗೆಯದು ಒದ್ದೆಯಾದರೆ ಕೈಕೊಡಬಹುದು, ಗುಂಡಿಲ್ಲದ್ದೇ ಇರಲಿ. ಬಾಯಿಂದ ಕೂಗುತ್ತಿದ್ದರೆ ಗಂಟಲು ಬೇಗ ಕಟ್ಟುತ್ತದೆ, ಹಳ್ಳದ ಮೊರೆತದಲ್ಲಿ ಕೂಗು ಕೇಳಿಸುವುದೂ ಇಲ್ಲ. ಮೂರು ಸಲ ಊದಿ, ಒಂದು ನಿಮಿಷ ಕಿವಿಗೊಟ್ಟು, ಮತ್ತೆ ಮೂರು ಸಲ ಊದಬೇಕು. ಸೀಟಿಯ ಜಾಗ ಕೊರಳು. ಕಾಲು ಜಾರಿದವನು ಒಂದು ಕಡೆ, ಬ್ಯಾಗು ಇನ್ನೊಂದು ಕಡೆ ಬಿದ್ದಿರುವುದುಂಟು.

ಮೂರನೆಯದು ತಲೆಗೆ ಕಟ್ಟುವ ಟಾರ್ಚು. ಮೊಬೈಲಿದೆಯಲ್ಲ ಎನ್ನಬೇಡಿ. ಇಲ್ಲದ ಸಿಗ್ನಲ್ಲನ್ನು ಹುಡುಕಿ ಹುಡುಕಿಯೇ ಅದರ ಬ್ಯಾಟರಿ ಬರಿದಾಗುತ್ತದೆ. ಏರೋಪ್ಲೇನ್ ಮೋಡಿನಲ್ಲಿಟ್ಟು, ತೆರೆದ ಜಾಗ ಸಿಕ್ಕಾಗ ಮಾತ್ರ 112ಕ್ಕೆ ಪ್ರಯತ್ನಿಸುವುದು ಜಾಣತನ.

ಉಳಿದದ್ದು ಒಂದು ಮುಷ್ಟಿಯ ಬಾಬತ್ತು: ಕ್ಲೋರಿನ್ ಮಾತ್ರೆ, ನಾಲ್ಕು ಕಡಲೆಚಿಕ್ಕಿ, ಇಂಬಳಕ್ಕೆ ಸೋಕಿಸಲು ಎಲೆಅಡಿಕೆಯ ಸುಣ್ಣ. ಹಾವು ಕಚ್ಚಿದಲ್ಲಿ ಕೊಯ್ಯಲೆಂದು ಬ್ಲೇಡು ಬೇಡ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಎಲ್ಲವೂ ಅಪಾಯ. ಅದರ ಬದಲು ಅಗಲದ ಟವೆಲ್ಲೊಂದಿರಲಿ. ಕಚ್ಚಿಸಿಕೊಂಡ ಕಾಲಿರಲಿ, ಮುರಿದ ಕಾಲಿರಲಿ, ಕೋಲಿನ ಆಸರೆ ಕೊಟ್ಟು ಅಲುಗದಂತೆ ಕಟ್ಟಿ ಆಸ್ಪತ್ರೆಗೆ ಹೊತ್ತೊಯ್ಯಲು ಬೇಕಾಗುತ್ತದೆ.

ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತೊಂದಿದೆ. ಬಯಲು ಕಾಡಿನಲ್ಲಿ ಅದು ನಿಜವಾದೀತು. ಘಟ್ಟದ ಪಡುವಣ ಮಗ್ಗುಲಲ್ಲಿ ಹಳ್ಳ ಹಿಡಿದವರಿಗೆ ಅಬ್ಬಿಯ ತುದಿ ಎದುರಾಗಬಹುದು. ದಾರಿ ತಪ್ಪಿತೆಂದು ತಿಳಿದ ಕೂಡಲೇ ನಿಲ್ಲುವುದೇ ಲೇಸು, ಏಕೆಂದರೆ ಹುಡುಕುವವರು ಕೊನೆಯ ಬಾರಿ ಕಂಡ ಜಾಗದಿಂದಲೇ ಶುರುಮಾಡುತ್ತಾರೆ.

ಆ ಜಾಗ ಅವರಿಗೆ ಗೊತ್ತಾಗುವುದು ಹೇಗೆ? ಯಾವ ದಾರಿಯಲ್ಲಿ ಹತ್ತುತ್ತೇವೆ, ಯಾರ‍್ಯಾರಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ, ಮರಳದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಬರೆದ ಚೀಟಿ ಮನೆಯಲ್ಲಿರಬೇಕು, ಅರಣ್ಯ ಇಲಾಖೆಯ ಗೇಟಿನಲ್ಲೂ ಹೇಳಿರಬೇಕು. ಆ ಚೀಟಿ ಬರೆದಿಡದವರು ಬೆನ್ನಿನಲ್ಲಿ ಎಂಥ ದುಬಾರಿ ಡಬ್ಬಿ ಹೊತ್ತಿದ್ದರೂ, ಅವರು ಕಾಣೆಯಾದ ಸುದ್ದಿ ಹೊರಜಗತ್ತಿಗೆ ತಲುಪುವುದು ತಡವಾಗಿಯೇ.