ಆ ಆರು ದಿನಗಳ ಹಿಂದಿನ ಬದುಕು

ನಮ್ಮ ಕೊಲ್ಲಮೊಗ್ರುವಿನಲ್ಲಿ ಹಿಮ ಅಂದ್ರೆ ಮೊಬೈಲ್‌ನಲ್ಲಿ ನೋಡೋದಷ್ಟೇ. ಧಾರವಾಡ ಜಿಲ್ಲೆಯ ಬೆಟದೂರಿನಲ್ಲೂ ಅಷ್ಟೇ. ಆ ಊರಿನ ಹನುಮಂತಪ್ಪ ಕೊಪ್ಪದ ಹಿಮದಡಿಯಲ್ಲಿ ಸಿಲುಕಿದ್ದು 2016ರ ಫೆಬ್ರವರಿ 3ರಂದು. ಸಿಯಾಚಿನ್‌ನ 19,600 ಅಡಿ ಎತ್ತರದಲ್ಲಿ, ಮದ್ರಾಸ್ ರೆಜಿಮೆಂಟಿನ 10 ಯೋಧರ ಮೇಲೆ ಹಿಮ ಕುಸಿದಿತ್ತು. ಆರನೇ ದಿನ ಹೊರತೆಗೆದಾಗ ಇವರೊಬ್ಬರೇ ಬದುಕಿದ್ದರು. ದೇಶವೇ ಪ್ರಾರ್ಥಿಸಿತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು, ವಯಸ್ಸು 33.

ನಮಗೆ ನೆನಪಿರೋದು ಆ ಆರು ದಿನ ಮಾತ್ರ. ಆದರೆ ಈ ಲ್ಯಾನ್ಸ್ ನಾಯಕ್ ತಮ್ಮ 13 ವರ್ಷದ ಸೇವೆಯಲ್ಲಿ 10 ವರ್ಷ ಕಳೆದದ್ದು ಕಾಶ್ಮೀರ, ಈಶಾನ್ಯದಂಥ ಕಠಿಣ ಜಾಗಗಳಲ್ಲೇ. ಆಗ ಅವರಿಗಾಗಿ ನಾವ್ಯಾರೂ ಸ್ಟೇಟಸ್ ಹಾಕಿರಲಿಲ್ಲ.

ನಿಮ್ಮೂರಿಗೆ ರಜೆಯಲ್ಲಿ ಯೋಧರು ಬಂದರೆ, ಒಮ್ಮೆ ಹೋಗಿ ಮಾತಾಡಿಸಿ.