ಕೀಲಿಕೈ ಧಣಿಯದು, ನಷ್ಟ ಮಾತ್ರ ದುಡಿಯುವವನದೇ?

ಕಳೆದ ವಾರ ಗಿರಣಿಯ ಗೇಟಿನ ಎದುರಿನ ಚಹದಂಗಡಿಯಲ್ಲಿ, ನೇಯ್ಗೆ ಖಾತೆಯ ಕಾರ್ಮಿಕರೊಬ್ಬರು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಪರದೆಯ ಮೇಲೆ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿಯ ಲೆಕ್ಕ ಕಾಣುತ್ತಿತ್ತು. "ಮೇಷ್ಟ್ರೇ, ಇದು ನನ್ನ ಹಣ ಹೌದೋ ಅಲ್ಲವೋ, ನೀವೇ ಹೇಳಿ" ಎಂದರು.

ಮಗಳ ಮದುವೆಗೆಂದು ಪ್ರಾವಿಡೆಂಟ್ ಫಂಡಿನಿಂದ ತೆಗೆದ ಹಣ ಅದು. ಮಗನ ಮಾತು ಕೇಳಿ ಒಂದು ಕ್ರಿಪ್ಟೊ ಎಕ್ಸ್‌ಚೇಂಜಿನಲ್ಲಿ ಹಾಕಿದ್ದರು. ಈಗ ವಾಪಸು ಬೇಡಿದರೆ "ತಾತ್ಕಾಲಿಕವಾಗಿ ಸ್ಥಗಿತ" ಎಂಬ ಒಂದೇ ಸಾಲು ಬರುತ್ತದೆ. ಆ ತಾತ್ಕಾಲಿಕಕ್ಕೆ ಐದು ತಿಂಗಳಾಯಿತು! ಪಕ್ಕದಲ್ಲಿದ್ದ ವಿದ್ಯಾವಂತರೊಬ್ಬರು "ಎಚ್ಚರಿಕೆಯಿಂದಿರಬೇಕಿತ್ತು, ದುರಾಸೆಗೆ ಬಿದ್ದಿರಿ" ಎಂದು ಉಪದೇಶ ಮಾಡಿ ಎದ್ದುಹೋದರು. ಆ ಉಪದೇಶಕ್ಕೆ ಉತ್ತರವಾಗಿಯೇ ಈ ಲೇಖನ.

ಈ ಎಕ್ಸ್‌ಚೇಂಜು ಎಂದರೇನು? ವ್ಯಾಪಾರಿ ಬಂಧುಗಳಿಗೆ ದಲಾಲಿ ಮಂಡಿಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿದೀತು. ನೀವು ಮೂಟೆಗಳನ್ನು ದಲಾಲರ ಗೋದಾಮಿನಲ್ಲಿಟ್ಟು ಒಂದು ಚೀಟಿ ಪಡೆಯುತ್ತೀರಿ. ಗೋದಾಮಿನ ಬೀಗದ ಕೈ ದಲಾಲರ ಸೊಂಟದಲ್ಲಿರುತ್ತದೆ. ಎಕ್ಸ್‌ಚೇಂಜಿನ ಪರದೆಯ ಮೇಲೆ ಕಾಣುವ ಅಂಕಿಯೂ ಅಂಥ ಚೀಟಿಯೇ, ನಾಣ್ಯವಲ್ಲ. ನಾಣ್ಯವನ್ನು ಕದಲಿಸುವ ಗುಪ್ತ ಕೀಲಿ ಯಾರ ಬಳಿ ಇದೆಯೋ ಅವನ ವಶದಲ್ಲಿಯೇ ನಾಣ್ಯ. ನಮ್ಮ ಮಿತ್ರರು ಪಾಸ್‌ವರ್ಡನ್ನು ಯಾರಿಗೂ ಹೇಳಿರಲಿಲ್ಲ. ಅವರ ಮನೆಯ ಬಾಗಿಲು ಭದ್ರವಾಗಿಯೇ ಇತ್ತು. ಗೋದಾಮಿನ ಬಾಗಿಲು ಅವರ ಕೈಯಲ್ಲಿರಲಿಲ್ಲ!

ಇದು ನಮ್ಮ ಊರೊಂದರ ಕಥೆಯಲ್ಲ. 2014ರಲ್ಲಿ ಟೋಕಿಯೊ ನಗರದ ಮೌಂಟ್ ಗಾಕ್ಸ್ ಬಾಗಿಲು ಹಾಕಿದಾಗ ಸುಮಾರು 8,50,000 ಬಿಟ್‌ಕಾಯಿನ್ ಕಾಣೆಯಾಗಿವೆಯೆಂದು ಹೇಳಿತು. ಅದರಲ್ಲಿ ಸುಮಾರು 2,00,000 ಮಾತ್ರ ಆಮೇಲೆ ಸಿಕ್ಕವು. ಕೆನಡಾದ ಕ್ವಾಡ್ರಿಗಾ ಸಂಸ್ಥೆಯ ಒಡೆಯ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡಾಗ, ಕೀಲಿಗಳೆಲ್ಲ ಅವನೊಬ್ಬನಿಗೇ ಗೊತ್ತಿದ್ದವೆಂದು ಸಂಸ್ಥೆ ಕೈಚೆಲ್ಲಿತು. ಅವನು ಗಿರಾಕಿಗಳ ಹಣದಲ್ಲಿ ತಾನೇ ಸಟ್ಟಾ ಆಡಿ ಕಳೆದಿದ್ದನೆಂದು 2020ರಲ್ಲಿ ಅಲ್ಲಿನ ಒಂಟಾರಿಯೊ ಪ್ರಾಂತದ ವಿಚಾರಣೆ ಹೊರಗೆಡವಿತು. 2022ರ ನವೆಂಬರಿನಲ್ಲಿ ಕುಸಿದ ಎಫ್‌ಟಿಎಕ್ಸ್ ಕಂಪನಿಯ ಧಣಿ ಗಿರಾಕಿಗಳ ಹಣವನ್ನು ತನ್ನದೇ ಮತ್ತೊಂದು ಸಂಸ್ಥೆಗೆ ಹರಿಸಿದ್ದನು. 2024ರ ಮಾರ್ಚಿನಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ 25 ವರ್ಷ ಸೆರೆಮನೆ ವಿಧಿಸಿತು.

ಇನ್ನು ನಮ್ಮ ದೇಶ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ ಸುಮಾರು 2,000 ಕೋಟಿ ರೂಪಾಯಿ ಬೆಲೆಯ ನಾಣ್ಯಗಳು ಕಳುವಾದವು. ವ್ಯವಹಾರ ಮತ್ತೆ ಆರಂಭವಾದದ್ದು 2025ರ ಅಕ್ಟೋಬರಿನಲ್ಲಿ. ಅದರ ಒಡೆತನದ ಕಂಪನಿ ಸಿಂಗಪುರದಲ್ಲಿದ್ದುದರಿಂದ ಇಲ್ಲಿನ ಬಡ ಖಾತೆದಾರನ ಹಣೆಬರಹ ಸಿಂಗಪುರದ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಕಳ್ಳತನ ಗೋದಾಮಿನಲ್ಲಿ, ನಷ್ಟ ಮೂಟೆ ಇಟ್ಟವರ ತಲೆಯ ಮೇಲೆ! ಇಲ್ಲೆಲ್ಲ ಖಾತೆದಾರನ ದುರಾಸೆ ಬೀಗ ಒಡೆಯಿತೇ ಎಂದು ಉಪದೇಶಕರನ್ನು ಕೇಳುತ್ತೇನೆ.

ಹಾಗೆಂದು ನಾವು ಮೈಮರೆತು ಕೂರಬಹುದೇ? ಖಂಡಿತ ಕೂಡದು. ಮೇಷ್ಟರಾಗಿದ್ದ ಹಳೆಯ ಅಭ್ಯಾಸದಿಂದ ಪಾಠವನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದಾಗಿ, ಮದುವೆಯ ಹಣ, ಪ್ರಾವಿಡೆಂಟ್ ಫಂಡು, ಅಂಗಡಿಯ ಬಂಡವಾಳ, ಸಾಲ ತಂದ ಹಣ ಇವನ್ನು ಇದರಲ್ಲಿ ಹಾಕಲೇಬೇಡಿ. ಪೂರ್ತಿ ಹೋದರೂ ಮನೆಯ ಒಲೆ ಆರದಷ್ಟು ಹಣವನ್ನು ಮಾತ್ರ ಹಾಕಬಹುದು.

ಎರಡನೆಯದಾಗಿ, ಎಕ್ಸ್‌ಚೇಂಜು ಕೊಂಡು ಮಾರುವ ಪೇಟೆಯೇ ಹೊರತು ಉಳಿತಾಯದ ಪೆಟ್ಟಿಗೆಯಲ್ಲ. ಕೆಲಸ ಮುಗಿದ ಕೂಡಲೆ ಹಣವನ್ನು ಬ್ಯಾಂಕಿಗೆ ತನ್ನಿ. ನಾಣ್ಯವನ್ನೇ ಉಳಿಸಿಕೊಳ್ಳುವವರು ಕೀಲಿ ತಮ್ಮ ವಶದಲ್ಲಿರುವ ಸ್ವಂತ ವ್ಯಾಲೆಟ್ಟಿನಲ್ಲಿಡಲಿ. ಅದರ 12 ಅಥವಾ 24 ಗುಪ್ತ ಪದಗಳನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಿ; ಫೋಟೊ ತೆಗೆಯಬೇಡಿ. ಆ ಕಾಗದ ಕಳೆದರೆ ಬ್ರಹ್ಮ ಬಂದರೂ ನಾಣ್ಯ ಸಿಗದು. ಕಳುಹಿಸುವಾಗ ಮೊದಲು ಅಲ್ಪ ಮೊತ್ತ ಕಳುಹಿಸಿ, ಸೇರಿತೇ ಎಂದು ನೋಡಿ.

ಮೂರನೆಯದಾಗಿ, ಖಾತೆಗೆ ಎರಡು ಬೀಗವಿರಲಿ. ಪಾಸ್‌ವರ್ಡಿನ ಮೇಲೆ ಎರಡನೆಯ ಸಂಖ್ಯೆಯೊಂದನ್ನು ಕೇಳುವ ಏರ್ಪಾಡು ಮಾಡಿಕೊಳ್ಳಿ. ಆ ಸಂಖ್ಯೆ ಎಸ್ಎಂಎಸ್ ಮೂಲಕ ಬರುವುದಕ್ಕಿಂತ ಅಥೆಂಟಿಕೇಟರ್ ಆ್ಯಪಿನಲ್ಲಿ ಬರುವುದು ಮೇಲು. ಏಕೆಂದರೆ ನಿಮ್ಮ ನಂಬರಿಗೆ ಬೇರೊಂದು ಸಿಮ್ ತೆಗೆಸುವ ಕಳ್ಳರಿದ್ದಾರೆ. "ಕಂಪನಿಯವರು" ಎಂದು ಫೋನು ಮಾಡಿ ಓಟಿಪಿ ಕೇಳುವವನು ಕಳ್ಳ. ನಿಮ್ಮ ಪರದೆಯನ್ನು ತನಗೆ ಕಾಣಿಸುವ ಆ್ಯಪು ಹಾಕಿಸುವವನೂ ಕಳ್ಳ. ವಾಟ್ಸಾಪು, ಟೆಲಿಗ್ರಾಮಿನಲ್ಲಿ ದುಪ್ಪಟ್ಟು ಲಾಭದ ಮಾತಾಡುವವನು ಕಳ್ಳರ ದಲಾಲ.

ನಾಲ್ಕನೆಯದಾಗಿ, 2023ರ ಮಾರ್ಚಿನಿಂದ ಇಂಥ ಸಂಸ್ಥೆಗಳು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ಇಲ್ಲದ ಕಡೆ ತಿರುಗಿಯೂ ನೋಡಬೇಡಿ. ಆದರೆ ಈ ನೋಂದಣಿ ಕಪ್ಪುಹಣದ ಪತ್ತೆಗೇ ಹೊರತು ನಿಮ್ಮ ಹಣದ ಜಾಮೀನಲ್ಲ. ಮೋಸವಾದರೆ ನಾಚಿಕೆಯಿಂದ ಮುಚ್ಚಿಡದೆ, ಆ ಕ್ಷಣವೇ 1930ಕ್ಕೆ ಫೋನು ಮಾಡಿ.

ಇಷ್ಟೆಲ್ಲ ನಾವು ಮಾಡಿದ ಮೇಲೆ ಸರ್ಕಾರ ಮಾಡುವುದೇನು? 2022ರ ಏಪ್ರಿಲಿನಿಂದ ಲಾಭದ ಮೇಲೆ ನೂರಕ್ಕೆ 30ರಂತೆ ತೆರಿಗೆ! ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷದ ಜುಲೈಯಿಂದ ಮಾರಾಟದ ಹಣದಲ್ಲಿ ನೂರಕ್ಕೆ 1ರಂತೆ ಮೂಲದಲ್ಲೇ ಕಡಿತ! ಸುಂಕ ವಸೂಲಿಗೆ ಮಾತ್ರ ಮುಂದೆ ಬಂದು, ಕಾವಲಿಗೆ ಹಿಂದೆ ಸರಿಯುವ ಸರ್ಕಾರವನ್ನು ಏನೆಂದು ಕರೆಯೋಣ? ಜೂಜೆಂದು ಬಗೆದರೆ ನಿಷೇಧಿಸಲಿ. ವ್ಯಾಪಾರವೆಂದು ತೆರಿಗೆ ತಿಂದರೆ ವ್ಯಾಪಾರಕ್ಕೆ ತಕ್ಕ ಕಟ್ಟಳೆ ತರಲಿ.

ಇದು ಆಗದ ಕೆಲಸವೇನಲ್ಲ. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಮುಳುಗಿದಾಗಲೂ ಬಡ ಠೇವಣಿದಾರರು ಬೀದಿಗೆ ಬಿದ್ದರು. ಆ ಕೂಗಿನ ಫಲವಾಗಿಯೇ 1962ರ ಜನವರಿ 1ರಿಂದ ಬ್ಯಾಂಕ್ ಠೇವಣಿಗೆ ವಿಮೆ ಬಂದಿತು. ಅಂದು 1,500 ರೂಪಾಯಿಗಿದ್ದ ರಕ್ಷಣೆಯನ್ನು 2020ರಲ್ಲಿ 5 ಲಕ್ಷಕ್ಕೆ ಏರಿಸಲಾಯಿತು. ಎಕ್ಸ್‌ಚೇಂಜಿನಲ್ಲಿಟ್ಟ ಹಣಕ್ಕೆ ಆ ವಿಮೆಯ ಒಂದು ಪೈಸೆಯೂ ಇಲ್ಲ.

ಆದಕಾರಣ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಗಿರಾಕಿಗಳ ನಾಣ್ಯವನ್ನು ಕಂಪನಿಯ ಆಸ್ತಿಯಿಂದ ಬೇರ್ಪಡಿಸಿ ಇಡಬೇಕು. ಹೊರಗಿನ ಲೆಕ್ಕಪರಿಶೋಧಕರಿಂದ ತಪಾಸಣೆಯಾಗಿ ಅದು ಪ್ರಕಟವಾಗಬೇಕು. ವಸೂಲಾದ ತೆರಿಗೆಯಲ್ಲಿ ಒಂದು ಪಾಲಿನಿಂದ ಪರಿಹಾರ ನಿಧಿ ಕಟ್ಟಬೇಕು. ಇಲ್ಲಿ ಹಣ ಎತ್ತಿದವನು ಇಲ್ಲಿನ ನ್ಯಾಯಾಲಯದಲ್ಲೇ ಉತ್ತರ ಹೇಳಬೇಕು.

ನಮ್ಮ ಮಿತ್ರರ ಪ್ರಶ್ನೆಗೆ ಅಂದು ನಾನು "ಹಣ ನಿಮ್ಮದೇ, ಕೀಲಿ ಮಾತ್ರ ನಿಮ್ಮದಲ್ಲ" ಎಂದು ಉತ್ತರಿಸಿದೆ. ಇಂಥ ಚೀಟಿ ಹಿಡಿದು ಕಾಯುತ್ತಿರುವವರು ಬರುವ ಭಾನುವಾರ ಸಂಜೆ ಯೂನಿಯನ್ ಕಚೇರಿಗೆ ಬನ್ನಿ. ಒಬ್ಬೊಬ್ಬರೇ ಪರದೆ ನೋಡುತ್ತ ಕುಳಿತರೆ ಕಣ್ಣು ನೋಯುತ್ತದೆ. ಒಟ್ಟಾಗಿ ದೂರು ಬರೆದರೆ ದನಿಯಾದರೂ ಏಳುತ್ತದೆ.